ಬಿಸಿಲಿಗೆ ಬಿತ್ತಿದ ಕಡಲೆ

"ಅಡಪಾವಿ! ಯಾರ್ರೀ ಅದು, ನನ್ನ ಗಿಡದ ಮೇಲೆ ಪಂಚೆ ಒಣಗಾಕಿರೋದು?"

ಬೆಳಗಿನ ಮಂಜು ಇನ್ನೂ ಆರಿರಲಿಲ್ಲ. ಮಾಂಬಳ್ಳಿಯ ಗುರುಮಲ್ಲಪ್ಪನವರ ಎರೆ ಹೊಲದಲ್ಲಿ, ಕಡಲೆ ಗಿಡಗಳ ಮೇಲೆ ಹಾಸಿದ್ದ ಬಿಳಿ ಪಂಚೆಯನ್ನೆತ್ತಿ ಚೊಂಬಿಗೆ ಹಿಂಡುತ್ತಿದ್ದ ನಾಗಶ್ರೀ ಬೆಚ್ಚಿ ತಲೆಯೆತ್ತಿದಳು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಪಿಸ್ತೂಲಿನಂಥದ್ದೇನೋ ಹಿಡಿದ ಹುಡುಗನೊಬ್ಬ ಬದುವಿನ ಮೇಲೆ ನಿಂತಿದ್ದ. ಕೋಪಕ್ಕೆ ಮೂಗಿನ ಹೊಳ್ಳೆ ಅರಳಿದ್ದವು. ಸುಳ್ಳೇಕೆ ಹೇಳಬೇಕು, ಮೂಗು ಚೆನ್ನಾಗಿಯೇ ಇತ್ತು.

"ಒಣಗಾಕಿಲ್ಲ ಕಣ್ರಿ, ಕಡಲೆ ಹುಳಿ ಹಿಡೀತಿದ್ದೀನಿ. ರಾತ್ರಿ ಬಟ್ಟೆ ಹಾಸಿದ್ರೆ ಎಲೆ ಹುಳಿಯೆಲ್ಲ ಮಂಜಿನ ಜೊತೆ ಬಟ್ಟೆಗಿಳಿಯುತ್ತೆ. ಹೊಟ್ಟೆನೋವಿಗೆ ಮದ್ದು. ಅಷ್ಟೂ ಗೊತ್ತಿಲ್ದೆ ಕಡಲೆ ಬೆಳೆಯೋಕೆ ಬಂದಿದ್ದೀರಾ?"

"ಗೊತ್ತೈತೆ. ಆದ್ರೆ ನಿಮ್ಮ ಬಟ್ಟೆ ಭಾರಕ್ಕೆ ಮೊಗ್ಗು ಉದುರಿದ್ರೆ ನಾನು ಬಿಸಿಲಿಗೇ ಉದುರ್ತು ಅಂತ ತಪ್ಪು ಲೆಕ್ಕ ಬರ್ಕತೀನಿ. ಇದು ಪರೀಕ್ಷೆಗೆ ಹಾಕಿರೋ ಕಡಲೆ. ಅಷ್ಟಕ್ಕೂ ಯಜಮಾನ್ರ ಒಲಕ್ಕೆ ನುಗ್ಗೋಕೆ ನೀವ್ಯಾರು?"

"ಯಜಮಾನ್ರ ಮಗಳು."

ಅವನ ಮುಖ ನೋಡಬೇಕಿತ್ತು ಆಗ! ಟವೆಲ್ಲು ತಾನಾಗಿ ಕೊರಳಿಂದ ಕೆಳಗಿಳಿಯಿತು.

"ಅಡಪಾವಿ ಅಂದ್ರೇನು?" ನಾಗಶ್ರೀ ಕೇಳಿದಳು.

"ತಮಿಳಲ್ಲಿ, ಪಾಪಿ ಅಂತ. ನಮ್ದು ಹೂಗ್ಯಂ, ತಮಿಳುನಾಡಿನ ಗಡಿ, ಕಾಡಂಚು. ಕೋಪ ಬಂದ್ರೆ ಬಾಯಿಗೆ ಅದೇ ಬರೋದು. ತಪ್ಪಾಯ್ತು ಕಣ್ರಿ."

"ಇನ್ನೊಂದ್ಸಲ ಅನ್ನಿ. ಚೆನ್ನಾಗೈತೆ."

ಅವನ ಹೆಸರು ದೇವರಾಜು. ಕೂಲಿ ಮಾಡಿ ಓದಿಸಿದ ಅಪ್ಪ ಅವ್ವನ ಮಗ, ಈಗ ಕಡಲೆ ತಳಿಗಳ ಸಂಶೋಧನೆ ಅವನ ಕೆಲಸ. ಊರೆಲ್ಲ ಕಾರ್ತಿಕದಲ್ಲಿ ಕಡಲೆ ಬಿತ್ತಿದರೆ ಇವನು ಬೇಕಂತಲೇ ಸಂಕ್ರಾಂತಿ ಕಳೆದ ಮೇಲೆ ಬಿತ್ತಿದ್ದ. ಹೂ ಬಿಡುವ ಹೊತ್ತಿಗೆ ಬಿಸಿಲು ಸುಡಬೇಕು. ಯಾವ ಗಿಡ ಹೂವುದುರಿಸುತ್ತೆ, ಯಾವುದು ಕಾಯಿ ಕಟ್ಟುತ್ತೆ ಎಂದು ನೋಡಬೇಕು. ವರ್ಷಗಟ್ಟಲೆ ತಳಿಗೆ ತಳಿ ಕೂಡಿಸಿ ಮಾಡಿದ ಬೀಜ. ಕೆಲವು ಸಾಲುಗಳಿಗೆ ಬೇರೆಲ್ಲೂ ಒಂದು ಕಾಳು ಇರಲಿಲ್ಲ.

"ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡೋಯ್ತದೆ. ಆಮೇಲೆ ಕಡ್ಲೆ ಹೂವು ನೋಡ್ತೀಯೇನ್ಲಾ?" ಎಂದು ಗುರುಮಲ್ಲಪ್ಪ ನಕ್ಕಿದ್ದರು. ನಕ್ಕರೂ ಹೊಲ ಕೊಟ್ಟರು. ಮಧ್ಯಾಹ್ನ ಗಿಡ ನೋಡಿಕೊಳ್ಳಲು ಒಬ್ಬರು ಬೇಕೆಂದಾಗ, "ನಮ್ಮ ನಾಗು ಡಿಗ್ರಿ ಮುಗ್ಸಿ ಸುಮ್ಕೆ ಕುಂತದೆ, ಅವಳೇ ಬತ್ತಾಳೆ" ಎಂದವರೂ ಅವರೇ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದರು ಎಂದು ಊರು ಆಮೇಲೆ ಆಡಿಕೊಂಡಿತು.

ಆ ಪಿಸ್ತೂಲು ಎಲೆಯ ಬಿಸಿ ಅಳೆಯುವ ಟೆಂಪರೇಚರ್ ಗನ್. ನೆತ್ತಿ ಸುಡುವ ಹೊತ್ತಲ್ಲಿ ಇಬ್ಬರೂ ಸಾಲು ಸಾಲಾಗಿ ಎಲೆಗೆ ಗುರಿಯಿಡುತ್ತಿದ್ದರು. ಕೆಲವು ಗಿಡಗಳ ಎಲೆ ಗಾಳಿಗಿಂತ ತಂಪಾಗಿರುತ್ತಿತ್ತು.

"ಅದ್ಯಾಕೆ?"

"ಬೇರು ಆಳಕ್ಕಿಳ್ದಿರುತ್ತೆ ಕಣ್ರಿ. ನೀರೆಳ್ಕೊಂಡು ಎಲೇಲಿ ಬೆವರುತ್ತೆ, ಮೈ ತಂಪಾಗುತ್ತೆ. ಇನ್ನು ಕೆಲವು ಬುದ್ಧಿವಂತ ಗಿಡಗಳು. ಬಿಸಿಲು ಜೋರಾಗೋಕೆ ಮುಂಚೇನೇ ಹೂ ಬಿಟ್ಟು ಕಾಯಿ ಕಟ್ಟಿ ಮುಗಿಸ್ಬಿಡ್ತವೆ. ಮತ್ತೆ ಕೆಲವಕ್ಕೆ ಎಷ್ಟು ಕಾದ್ರೂ ಹೂವಿನ ಪರಾಗ ಸಾಯಲ್ಲ."

"ಸತ್ರೆ?"

"ಹೂವು ನೋಡೋಕೆ ಚೆನ್ನಾಗೇ ಇರುತ್ತೆ. ಒಳಗೆ ಏನೂ ಇರಲ್ಲ. ಮಾರನೇ ದಿನ ಉದುರುತ್ತೆ."

ನಾಗಶ್ರೀ ಉದುರಿದ್ದ ಹೂವೊಂದನ್ನು ಎತ್ತಿ ಬಿಡಿಸಿ ನೋಡಿದಳು. ಆಮೇಲೆ ಗನ್ನನ್ನು ಮೆಲ್ಲಗೆ ತಿರುಗಿಸಿ ಅವನ ಕೆನ್ನೆಗೆ ಗುರಿಯಿಟ್ಟಳು. "ಅಯ್ಯೋ, ಗಿಡಕ್ಕಿಂತ ನೀವೇ ಕಾದಿದ್ದೀರಲ್ರೀ!"

"ಬಿಸಿಲು" ಎಂದ ದೇವರಾಜು. ಕಿವಿಯವರೆಗೂ ಕೆಂಪಾಗಿದ್ದ.

"ನೆರಳಲ್ಲಿ ನಿಂತಿದ್ದೀರಿ."

ಅವನು ನೋಡಿದ. ಅವಳೂ ನೋಡಿದಳು. ಅಷ್ಟೇ. ಆದರೆ ಅವತ್ತು ಸಂಜೆ ಅವಳು ರೊಟ್ಟಿಯನ್ನು ಹಂಚಿನ ಮೇಲೆ ಕರಕಲು ಮಾಡಿ ಅವ್ವನ ಕೈಲಿ ಬೈಸಿಕೊಂಡಳು.

ಯುಗಾದಿ ಕಳೆದ ಮೇಲೆ ಮನೆಯಲ್ಲಿ ಮಾತು ಗಟ್ಟಿಯಾಯಿತು. ಅಣ್ಣ ಮಲ್ಲಿಕಾರ್ಜುನಸ್ವಾಮಿ ಮಧುವನಹಳ್ಳಿಯ ಕವಿತಳನ್ನು ಕಂಡು ಮರುಳಾಗಿ ವರ್ಷವಾಗಿತ್ತು. ಆ ಮನೆಯವರದ್ದು ಒಂದೇ ಮಾತು: ಕೊಟ್ಟು ತರೋದಾದರೆ ಸರಿ. ಕವಿತ ಈ ಮನೆಗೆ, ನಾಗಶ್ರೀ ಆ ಮನೆಗೆ, ಕವಿತಳ ಅಣ್ಣ ಪರಮೇಶನಿಗೆ. ಒಂದು ತಪ್ಪಿದರೆ ಇನ್ನೊಂದೂ ತಪ್ಪಿತು. ಪರಮೇಶ ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಕೆಟ್ಟವನೂ ಅಲ್ಲ. ಬೇಡ ಅನ್ನಲು ಅವಳಿಗೆ ಒಂದು ನೆವವೂ ಇರಲಿಲ್ಲ.

ಅಣ್ಣನ ಹತ್ತಿರ ಹೇಳಿಬಿಡೋಣ ಎಂದು ಕೊಟ್ಟಿಗೆಗೆ ಹೋದಳು. ಅವಳು ಬಾಯಿ ತೆರೆಯುವ ಮುಂಚೆ ಅವನೇ ಅವಳ ಕೈ ಹಿಡಿದುಕೊಂಡ. "ನಾಗು, ನೀನು ಒಪ್ಕಂಡೆ ಅಂತ ಅಪ್ಪ ಏಳ್ತು. ನಿನ್ನ ಋಣ ತೀರ್ಸಕಾಗಲ್ಲ ಕಣವ್ವ. ಕವಿತ ಇಲ್ದಿದ್ರೆ ನಾನು ಮನುಷ್ಯನೇ ಅಲ್ಲ." ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಅಣ್ಣನ ಕಣ್ಣಲ್ಲಿ ನೀರಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಅವಳು ವಾಪಸು ಬಂದಳು.

ಮಾರನೇ ಮಧ್ಯಾಹ್ನ ಹೊಲದಲ್ಲಿ ಎಲ್ಲವನ್ನೂ ಹೇಳಿದಳು. ದೇವರಾಜು ಕೈಲಿದ್ದ ಗನ್ನನ್ನು ಕೆಳಗಿಟ್ಟ.

"ಏನಾದ್ರೂ ಅನ್ರೀ" ಎಂದಳು.

"ಏನಂತ ಅನ್ಲಿ? ನನ್ನ ಮನಸ್ಸು ನಿಮ್ಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಬಾಯಿಬಿಟ್ಟು ಹೇಳಿ. ನನಗೆ ಅಷ್ಟಾದ್ರೂ ಬೇಕು."

"ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ" ಎಂದ ಅವನು, ನೆಲ ನೋಡಿಕೊಂಡು. "ಆದ್ರೆ ನಿಮ್ಮ ಜನ ಬೇರೆ, ನಮ್ಮ ಜನ ಬೇರೆ. ನಿಮ್ಮಪ್ಪಂಗೆ ಈಗ ಗೊತ್ತಾದ್ರೆ ಅವತ್ತೇ ಗಿಡ ಕೀಳಿಸ್ತಾರೆ. ಬೀಜ ಕಳ್ದೋದ್ರೆ ಮತ್ತೆ ಸಿಕ್ಕಲ್ಲ. ಕುಯ್ಲು ಒಂದು ಆಗ್ಲಿ, ನಾನೇ ಬಂದು ಕೇಳ್ತೀನಿ."

"ಕುಯ್ಲಿಗೆ ಮುಂಚೇನೇ ನನ್ನ ನಿಶ್ಚಯ ಕಣ್ರಿ."

ಅತ್ತ ದರಿ, ಇತ್ತ ಪುಲಿ. ಬಾಯಿಬಿಟ್ಟರೆ ಅಣ್ಣನ ಮದುವೆ ಮುರಿಯಿತು, ಇವನ ಗಿಡಗಳೂ ಹೋದವು. ಬಿಡದಿದ್ದರೆ ತನ್ನ ಬಾಳೇ ಹೋಯಿತು. ಅವಳು ಬದುವಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಒಂದು ಮಾರು ದೂರದಲ್ಲಿ ಕುಳಿತೇ ಇದ್ದ. ಆಚೆ ಹೊಲದವರ ಕಣ್ಣಿತ್ತು, ಅವಳ ಕಣ್ಣೊರೆಸಲೂ ಅವನಿಗೆ ಕೈಚಾಚುವ ಹಾಗಿರಲಿಲ್ಲ.

ನಿಶ್ಚಯದ ದಿನ ಮಧುವನಹಳ್ಳಿಯವರು ಎರಡು ಗಾಡಿಯಲ್ಲಿ ಬಂದರು. ತಾಂಬೂಲ ಬದಲಾಯಿಸುವ ಮುಂಚೆ ಪರಮೇಶನ ದೊಡ್ಡಪ್ಪ ಸಂಪ್ರದಾಯಕ್ಕೆಂದು ಕೇಳಿದರು: "ಏನವ್ವ, ಒಪ್ಪಿಗೆ ತಾನೇ?"

ತಲೆ ಅಲ್ಲಾಡಿಸಿದ್ದರೆ ಮುಗಿಯುತ್ತಿತ್ತು. ಎದುರಿಗೆ ಪರಮೇಶ ಹೊಸ ಶರ್ಟಿನಲ್ಲಿ, ನಾಚಿಕೆಯಿಂದ ಕುಳಿತಿದ್ದ. ಈ ಬಡಪಾಯಿಯ ಪಕ್ಕ ಬಾಳೆಲ್ಲ ಒಳಗೆ ಏನೂ ಇಲ್ಲದ ಹೆಂಡತಿಯಾಗಿ ಇರಬೇಕಲ್ಲ ಎಂದುಕೊಂಡು ಅವಳು ತಲೆಯೆತ್ತಿದಳು.

"ಇಲ್ಲ" ಎಂದಳು. "ಅಣ್ಣನ ಮದ್ವೆಗೆ ನನ್ನ ಒಪ್ಪಿಗೆ ಐತೆ. ನನ್ನ ಮದ್ವೆಗಿಲ್ಲ."

ಗುರುಮಲ್ಲಪ್ಪನವರ ಮುಖ ಕಪ್ಪಿಟ್ಟಿತು. "ಯಾರನ್ನ ಮನಸಲ್ಲಿ ಇಟ್ಕಂಡಿದ್ದೀಯೇ? ಹೆಸ್ರು ಏಳು."

ಅಪ್ಪನಿಗೆ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ. ಹೆಸರು ಹೇಳಿದಳು.

ಅವರು ಹೊಡೆಯಲಿಲ್ಲ, ಕೂಗಲಿಲ್ಲ. "ಒತ್ತು ಮುಳುಗೋದ್ರೊಳಗೆ ನನ್ನ ಒಲ ಖಾಲಿಯಾಗ್ಬೇಕು. ಇಲ್ದಿದ್ರೆ ದನ ಬಿಡ್ತೀನಿ" ಎಂದು ಎದ್ದುಹೋದರು. ಅಣ್ಣ ಕಂಬಕ್ಕೊರಗಿ ನಿಂತವನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ನಾಗಶ್ರೀ ರೇಷ್ಮೆ ಸೀರೆಯಲ್ಲೇ ಹೊಲಕ್ಕೆ ಓಡಿದಳು.

"ಹೇಳ್ಬಿಟ್ಟೆ" ಎಂದಳು ಏದುಸಿರು ಬಿಡುತ್ತಾ. "ನಿಮ್ಮ ಗಿಡ ಕಳೆದುಬಿಟ್ಟೆ ಕಣ್ರಿ. ಬೈಯಿರಿ ನನ್ನ."

ದೇವರಾಜು ಹೊಲವನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. "ನಾನೇ ಏಳ್ಬೇಕಾಗಿತ್ತು. ಗಿಡದ ನೆವ ಮಾಡ್ಕಂಡು ಎದರಿ ಕುಂತಿದ್ದೆ. ಅಡಪಾವಿ ನಾನು, ನೀವಲ್ಲ." ಸೊಂಟಕ್ಕೆ ಟವೆಲ್ ಬಿಗಿದ. "ಬನ್ನಿ. ಬೇಗ ಕಾಯಿ ಕಟ್ಟಿದವು ಒಣಗ್ಯವೆ, ಅವನ್ನಾದ್ರೂ ಉಳಿಸ್ಕಳಣ."

ಬೇರು ಸಮೇತ ಕಿತ್ತು, ಸಾಲಿಗೊಂದು ಚೀಟಿ ಕಟ್ಟಿ ಗೋಣಿಗೆ ತುಂಬತೊಡಗಿದರು. ಹಸಿರು ಕಾಯಿಯ ಸಾಲುಗಳ ಹತ್ತಿರ ಬಂದಾಗ ಅವನ ಕೈ ತಡೆಯಿತು. ಕಾಳು ಇನ್ನೂ ಹಾಲುಗಾಳು. ಆ ತಳಿಗಳು ಹೋದವು, ಅದಕ್ಕೆ ಮದ್ದಿಲ್ಲ. ಅವನು ಮುಖ ಆಚೆ ತಿರುಗಿಸಿಕೊಂಡು ಒಣಗಿದ ಸಾಲಿಗೆ ನಡೆದ.

ಅಷ್ಟರಲ್ಲಿ ಮಲ್ಲಿಕಾರ್ಜುನಸ್ವಾಮಿ ಬಂದು ಬದುವಿನ ಮೇಲೆ ನಿಂತ. "ನನ್ನ ಬಾಳಿಗೆ ಕಲ್ಲಾಕ್ಬುಟ್ಟೆ ನಾಗು." ಅವನ ದನಿ ಒಡೆದಿತ್ತು. ನಾಗಶ್ರೀ ಗಿಡ ಕೀಳುತ್ತಲೇ ಇದ್ದಳು, ಕಣ್ಣೀರು ಸುರಿಯುತ್ತಲೇ ಇತ್ತು.

ರಸ್ತೆಯಲ್ಲಿ ಮಧುವನಹಳ್ಳಿಗೆ ವಾಪಸು ಹೊರಟ ಗಾಡಿ ಗಕ್ಕನೆ ನಿಂತಿತು. ಒಳಗಿಂದ ಕೂಗಾಟ ಕೇಳಿಸಿತು. ಬಾಗಿಲು ತೆರೆದು ಕವಿತ ಇಳಿದಳು. ಹಿಂದಿನಿಂದ "ಇಳುದ್ರೆ ಅಂಗೇ ಓಗ್ಬೇಕು, ಮತ್ತೆ ಈ ಕಡೆ ತಲೆ ಆಕ್ಬೇಡ" ಎಂದರು ದೊಡ್ಡಪ್ಪ. ಅವಳು ತಿರುಗಲಿಲ್ಲ. ಉಳುಮೆ ಹೆಂಟೆಗಳ ಮೇಲೆ ಎಡವುತ್ತಾ ನೇರವಾಗಿ ಬಂದು ಮಲ್ಲಿಕಾರ್ಜುನನ ಮುಂದೆ ನಿಂತಳು.

"ಬಾವ, ನಿಮ್ಮ ತಂಗೀನ ಕೊಡದೇ ಇದ್ರೆ ನನ್ನ ಬ್ಯಾಡ ಅಂತೀರಾ?"

ಅವನು ಬೆಪ್ಪಾಗಿ ತಲೆಯಲ್ಲಾಡಿಸಿದ, ಇಲ್ಲ ಇಲ್ಲ ಎಂದು.

"ಮತ್ಯಾಕೆ ಅಳ್ತಾ ನಿಂತಿದ್ದೀರಿ? ನಾನು ಬಂದಿದ್ದೀನಲ್ಲ. ಬದ್ಲಿಗೆ ಯಾರನ್ನೂ ಕೊಡ್ಬೇಡಿ." ಸೆರಗು ಸಿಕ್ಕಿಸಿಕೊಂಡು ನಾಗಶ್ರೀಯ ಕಡೆ ತಿರುಗಿದಳು. "ಯಾವ ಸಾಲು ಕೀಳ್ಬೇಕು, ತೋರ್ಸಿ."

ಇಷ್ಟೂ ದಿನ ಎದೆಯ ಮೇಲೆ ಕುಳಿತಿದ್ದ ಬಂಡೆ ಸರಿಯಿತು. ನಾಗಶ್ರೀ ಅವಳನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತಳು. ಅಣ್ಣ ಪಂಚೆ ಎತ್ತಿ ಕಟ್ಟಿ, ಗೋಣಿಯ ಬಾಯಿ ಹಿಡಿದ.

ಹೊತ್ತು ಇಳಿಯುವಾಗ ಗುರುಮಲ್ಲಪ್ಪ ದನ ಹೊಡೆದುಕೊಂಡು ಬಂದರು. ತಾನಾಗಿ ಬಂದ ಸೊಸೆ ಹೊಲದಲ್ಲಿ ಬಗ್ಗಿದ್ದಳು, ಮಗ ಬಗ್ಗಿದ್ದ, ಮಗಳು ಬಗ್ಗಿದ್ದಳು. ಯಾರ ಮೇಲೆ ದನ ಬಿಡಬೇಕು? "ಇನ್ನೂ ಒತ್ತು ಮುಳುಗಿಲ್ಲ" ಎಂದು ಯಾರಿಗೋ ಹೇಳಿದಂತೆ ಹೇಳಿ, ದನಗಳನ್ನು ಹಿಂದಕ್ಕೆ ತಿರುಗಿಸಿದರು. ದೇವರಾಜುವಿನ ಮುಖ ಮಾತ್ರ ನೋಡಲಿಲ್ಲ.

"ನಾಳೆ ನಾನು ನಿಮ್ಮನೆ ಬಾಗಿಲಿಗೆ ಬತ್ತೀನಿ" ಎಂದ ದೇವರಾಜು, ಕೊನೆಯ ಗೋಣಿಯ ಬಾಯಿ ಹೊಲಿಯುತ್ತಾ. "ಬೈದ್ರೆ ಬೈಸ್ಕಂತೀನಿ. ನಾಳಿದ್ದೂ ಬತ್ತೀನಿ."

"ಒಳಕ್ಕೆ ಕರೀದೇ ಇದ್ರೆ?"

"ಜಗುಲಿ ಮೇಲೆ ಕುಂತಿರ್ತೀನಿ."

"ಬಿಸಿಲು ಕಣ್ರಿ" ಎಂದಳು ನಾಗಶ್ರೀ. ನಗು, ಅಳು ಎರಡೂ ಬಂದವು. ಎಲ್ಲರೆದುರಿಗೇ, ಹುಳಿ ಹತ್ತಿದ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ನಾನೂ ಬಂದು ಪಕ್ಕದಲ್ಲಿ ಕೂತ್ಕೋತೀನಿ."