ಪಿಟೀಲಿನೊಳಗೆ ಬರೆದ ಹೆಸರು

ನಂಬಿ ಎಂದು ನಾನೇನೂ ಹೇಳುವುದಿಲ್ಲ, ನಡೆದದ್ದು ಇಷ್ಟು.

ಪಿಟೀಲು ರಿಪೇರಿ ಅಪ್ಪನಿಂದ ಬಂದ ಕಸುಬು. ಬಿಚ್ಚಿದ ಪಿಟೀಲನ್ನು ಅಂಟು ಹಾಕಿ ಮುಚ್ಚುವ ಮೊದಲು, ಆ ರಾತ್ರಿ ರೇಡಿಯೋದಲ್ಲಿ ಹೊಸದಾಗಿ ಕೇಳಿದ ಸಂಗೀತ ರಚನೆಕಾರನ ಹೆಸರನ್ನು ಒಳಗಡೆ ಪೆನ್ಸಿಲಿನಲ್ಲಿ ಬರೆಯುವುದೂ ಅವರಿಂದಲೇ ಬಂದ ಚಟ. ಯಾರೂ ಕೇಳಿರದ ಹೆಸರು ಸಿಕ್ಕರೆ ಇಬ್ಬರಿಗೂ ಹಬ್ಬ.

ಮೊನ್ನೆ ರಾತ್ರಿ ಮಗಳ ಪಿಟೀಲು ರಿಪೇರಿ ಮಾಡುತ್ತಿದ್ದೆ. ರೇಡಿಯೋದಲ್ಲಿ ಯಾರೋ ಒಬ್ಬನೇ ಪಿಟೀಲು ನುಡಿಸುತ್ತಿದ್ದ. ಪ್ರತಿ ಸಾಲಿನ ಕೊನೆಗೂ ಕೆಮ್ಮುತ್ತಿದ್ದ. ಒಲೆಯ ಮೇಲೆ ಕುದಿಯುತ್ತಿದ್ದ ಅಂಟು, ಉರಿ ಇದ್ದಂತೆಯೇ, ತಣ್ಣಗೆ ಹೆಪ್ಪುಗಟ್ಟಿತು.

“ರೀ, ಥೇಟ್ ಮಾವ ಕೆಮ್ಮಿದ ಹಾಗೇ ಇದೆ. ಮೊದಲು ಅದನ್ನ ಆಫ್ ಮಾಡಿ,” ಎಂದಳು ಹೆಂಡತಿ.

“ಸತ್ತೋರು ರೇಡಿಯೋಗೆ ಬರ್ತಾರೇನೇ? ಹೆಸರು ಹೇಳ್ಲಿ, ತಡಿ.”

ಉದ್ಘೋಷಕಿ ರಚನೆಕಾರನ ಹೆಸರು ಹೇಳಿದಳು. ಮಗಳ ಪಿಟೀಲಿನ ಒಳಗೆ ಬರೆದೆ. ಅಂಟನ್ನು ಮತ್ತೆ ಕಾಯಿಸಿ ಪಿಟೀಲು ಮುಚ್ಚಿದೆ.

ನಿನ್ನೆ ಗಿರಾಕಿಯೊಬ್ಬರು, ಅಪ್ಪ ತಾವು ಕೆಮ್ಮು ಹಿಡಿದು ತೀರಿಕೊಂಡ ತಿಂಗಳಲ್ಲೇ ಮುಚ್ಚಿಕೊಟ್ಟಿದ್ದ ಪಿಟೀಲನ್ನು ರಿಪೇರಿಗೆ ತಂದರು. ಬಿಚ್ಚಿ ನೋಡಿದೆ. ಒಳಗೆ ಅಪ್ಪನ ಅಕ್ಷರದಲ್ಲಿ ಅದೇ ಹೆಸರು. ಅದನ್ನು ಅಳಿಸಲೆಂದು ಅಪ್ಪ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಅಲ್ಲಿ ಮರ ಎಲೆಯಷ್ಟು ತೆಳ್ಳಗಾಗಿತ್ತು; ಹೆಸರು ಮಾತ್ರ ಮಾಸಿರಲಿಲ್ಲ.

ಸಂಜೆ ಮಗಳು ತನ್ನ ಪಿಟೀಲು ಹಿಡಿದು ಅಭ್ಯಾಸಕ್ಕೆ ಕೂತಳು. ಮೊದಲ ಸಾಲು ಮುಗಿಸಿದಳು. ಕೆಮ್ಮಿದಳು.