ಬಾಗಿಲಿಗೆ ಹಚ್ಚಿದ ಕಾಗದ

"ಏ, ಯಾರ್ರಿ ಅದು? ನನ್ನ ಬೋರ್ಡಿಗೆ ಏನ ಮಾಡಾಕತ್ತೀರಿ? ಇಳೀರಿ ಕೆಳಗ!"

ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಓಡಿ ಬಂದಿದ್ದಳು ನೀಲಗಂಗಾ. ಬೆಟಗೇರಿಯ ಆ ಓಣಿಯಲ್ಲಿ ಅವಳ ಸಿಟ್ಟು ಗೊತ್ತಿಲ್ಲದವರೇ ಇರಲಿಲ್ಲ. ಆದರೆ ಏಣಿಯ ಮೇಲಿದ್ದವನು ಓಣಿಗೆ ಹೊಸಬ, ಪಾಪ!

ಕೈಯಲ್ಲಿ ಅಳತೆ ಪಟ್ಟಿ, ಕಿವಿಯ ಸಂದಿನಲ್ಲಿ ಪೆನ್ಸಿಲ್ಲು. ಬಾಗಿ ಕೆಳಗೆ ನೋಡಿದ. ನೋಡಿದವನು ಅಳತೆಯನ್ನೇ ಮರೆತ.

"ನಗರಸಭಾ ಕಚೇರಿಯಿಂದ ಬಂದೇನ್ರಿ. ಶಿವಯೋಗಿ ಅಂತ. ಬೋರ್ಡ ಅಳ್ಯಾಕ ಬಂದೇನಿ."

"ಅಳದು ಏನ ಮಾಡ್ತೀರಿ? ಅದಕ್ಕೂ ಅಂಗಿ ಹೊಲಸ್ತೀರೇನು?"

ಅವನಿಗೆ ನಗು ಬಂತು. ಇವಳಿಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು. 'ನಗತಾನ ನೋಡು, ನಾಚಿಕಿ ಇಲ್ದವ!' ಎಂದು ಮನಸ್ಸಿನಲ್ಲೇ ಬೈದುಕೊಂಡಳು.

"ನಿಮ್ಮ ಬೋರ್ಡಿನ್ಯಾಗ ಇನ್ನೂ ಜಿಲ್ಲಾ ಧಾರವಾಡ ಅಂತ ಐತ್ರಿ. ಗದಗ ಜಿಲ್ಲಾ ಆಗಿ ಆರು ತಿಂಗಳಾತು."

"ಆಗವಲ್ದ್ಯಾಕ! ಜಿಲ್ಲಾ ಬದಲಾತು ಅಂತ ನನ್ನ ಗಿರಾಕಿ ದಾರಿ ತಪ್ಪತಾರೇನು?"

ಹೊಸ ಜಿಲ್ಲೆ ನೋಡಿ! ಎಲ್ಲವನ್ನೂ ಹೊಸದಾಗಿ ಅಳೆಯುವ, ಬರೆಯುವ, ಸರಿಪಡಿಸುವ ಹುರುಪು. ಆ ಹುರುಪಿನಲ್ಲೇ ಬೋರ್ಡುಗಳ ನಿಯಮವೂ ಬಂದಿತ್ತು. ಬಜಾರದಲ್ಲಾದರೆ ಅಂಗಡಿಯಷ್ಟು ಅಗಲದ ಬೋರ್ಡು ಹಾಕಬಹುದು. ಜನ ವಾಸ ಮಾಡುವ ಓಣಿಯಲ್ಲಾದರೆ ಎರಡಡಿ ಉದ್ದ, ಒಂದಡಿ ಎತ್ತರ, ಗೋಡೆಗೆ ಅಂಟಿಕೊಂಡಿರಬೇಕು, ಅಷ್ಟೇ. ನೀಲಗಂಗಾಳ ತಗಡಿನ ಬೋರ್ಡು ಆರಡಿ ಉದ್ದ, ಮೂರಡಿ ಎತ್ತರ. 'ನೀಲಗಂಗಾ ಲೇಡೀಜ್ ಟೇಲರ್ಸ್' ಎಂಬ ಕೆಂಪಕ್ಷರ ಓಣಿಯ ಬಾಯಿಗೇ ಕಾಣುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಮಿಷನ್ನು ಇಟ್ಟುಕೊಂಡು ಶುರು ಮಾಡಿದವಳು ಅವಳು. ಆ ಮನೆಯ ಗೋಡೆಯ ಮೇಲೆ ಹೆಣ್ಣುಮಗಳ ಹೆಸರು ಬಿದ್ದದ್ದು ಅದೇ ಮೊದಲು. ಅದನ್ನು ಇಳಿಸು ಎಂದರೆ?

"ಎರಡಡಿ ಬೋರ್ಡ ಯಾರಿಗೆ ಕಾಣತೈತ್ರಿ? ಇರುವಿಗೆ ಕಾಣತೈತೇನು?"

ಶಿವಯೋಗಿ ಏಣಿ ಇಳಿದು ನಿಂತ. ಈಗ ನಗುತ್ತಿರಲಿಲ್ಲ.

"ಸಾಹೇಬರಿಗೆ ಒಂದು ಅರ್ಜಿ ಬರದು ನೋಡೂಣ್ರಿ. ನಿಮ್ಮ ಓಣಿ ಬಜಾರಕ್ಕ ಹತ್ತಿಕೊಂಡೈತಿ. ಆದ್ರ ಆಗಬಹುದು. ಖಾತ್ರಿ ಮಾತ್ರ ಕೊಡೂದಿಲ್ಲ."

ಖಾತ್ರಿ ಕೊಡುವುದಿಲ್ಲ ಎಂದ ಆ ಮಾತೇ ಅವಳಿಗೆ ಹಿಡಿಸಿತು. ಸುಳ್ಳು ಭರವಸೆ ಕೊಡುವವರನ್ನು ಅವಳು ಸಾಕಷ್ಟು ನೋಡಿದ್ದಳು.

ಅರ್ಜಿ ಬರೆಯಲು ಬಂದ. ಅರ್ಜಿಗೆ ಓಣಿಯ ಅಗಲ ಬೇಕೆಂದು ಮತ್ತೆ ಬಂದ. ಮೂರನೆಯ ಸಲ ಬಂದಾಗ ಕಾರಣವೇ ಸಿಗದೆ ಹೊಂಬಳ ಹಳ್ಳಿಯಲ್ಲಿದ್ದ ತನ್ನ ತಾಯಿಯ ಹಳೆಯ ರವಿಕೆಯನ್ನು ಅಳತೆಗೆಂದು ತಂದ!

"ನಮ್ಮವ್ವಗ ಎರಡು ಕುಬಸ ಬೇಕಂತ್ರಿ. ತೋಳು ಸಡ್ಲ ಇರಬೇಕಂತ."

ಆ ಕುಬಸಗಳನ್ನು ನೀಲಗಂಗಾ ಎಷ್ಟು ಜತನದಿಂದ ಹೊಲಿದಳು! ಅವು ಹೊಂಬಳ ಸೇರಿದ ಮರುವಾರ ಒಂದು ಚೀಲ ಶೇಂಗಾ ಬಂತು, ಜೊತೆಗೆ ಒಂದು ಮಾತು. "ಹೊಲದಾಕಿ ಕೈ ಚಲೋ ಐತಿ, ಒಮ್ಮಿ ಆಕಿ ಮಾರಿ ನೋಡಬೇಕು, ಅಂದ್ಲು ನಮ್ಮವ್ವ," ಎಂದ ಶಿವಯೋಗಿ. ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

ನೀಲಗಂಗಾಳ ಮಿಷನ್ನು ಗಕ್ಕನೆ ನಿಂತಿತು. ಒಳಗೆ ಚಹಾ ಸೋಸುತ್ತಿದ್ದ ಅವಳ ತಾಯಿ ಸುಮಿತ್ರವ್ವ ಸುಮ್ಮನೆ ನಕ್ಕಳು.

ಎಲ್ಲ ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು...

ಯುಗಾದಿ ಹಬ್ಬದ ವಾರ. ಮದುವೆಯ ಸುಗ್ಗಿ, ನಲವತ್ತು ಕುಬಸ ಬಾಕಿ. ಊಟಕ್ಕೂ ಏಳದೆ ಹೊಲಿಯುತ್ತಿದ್ದಳು ನೀಲಗಂಗಾ. ಆ ಗುರುವಾರ ಬೆಳಿಗ್ಗೆ ನಾಲ್ಕು ಜನ ಆಳು ಬಂದರು, ಏಣಿ ಹಚ್ಚಿದರು, ಮೊಳೆ ಕಿತ್ತರು. ತಗಡು ಧಡ್ಡನೆ ಕೆಳಗೆ ಬಿತ್ತು!

"ಯಾರು ಹೇಳಿದ್ರು ನಿಮಗ? ಯಾರು?"

ಒಬ್ಬ ಆಳು ಆದೇಶದ ಕಾಗದ ಮುಂದೆ ಹಿಡಿದ. ಕೆಳಗೆ ಸಹಿ... ಶಿವಯೋಗಿ.

ಓಣಿಯ ಜನವೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ನೀಲಗಂಗಾ ಆ ಸಹಿಯನ್ನು ಮತ್ತೆ ಓದಿದಳು. 'ನನ್ನ ಮನಿಯೊಳಗ ಕುಂತು ಚಾ ಕುಡದವ... ಅವರವ್ವನ ಕುಬಸ ಹೊಲಸಿಕೊಂಡವ...'

ಚಪ್ಪಲಿಯನ್ನೂ ಮೆಟ್ಟದೆ ಕಚೇರಿಗೆ ಹೋದಳು. ಅವನು ವರಾಂಡದಲ್ಲೇ ಸಿಕ್ಕ.

"ಕಾಗದ ನೋಡಲಿಲ್ಲೇನ್ರಿ ನೀವು?" ಅವನ ಮುಖ ಬಿಳಚಿಕೊಂಡಿತ್ತು. "ರವಿವಾರನ ಬಾಗಲಕ್ಕ ಹಚ್ಚಿ ಬಂದಿದ್ನಿ..."

"ಯಾವ ಕಾಗದ? ಮಾಡೂದ ಮಾಡಿ ಮತ್ತ ಸುಳ್ಳ ಬ್ಯಾರೆ ಹೇಳ್ತೀರೇನು!"

"ಸುಳ್ಳಲ್ರಿ, ಒಂದು ನಿಮಿಷ ಕೇಳ್ರಿ..."

ಕೇಳಲಿಲ್ಲ. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಒಂದು ದೂರು ಬರೆದಳು. ಬೋರ್ಡು ಉಳಿಸಿಕೊಡುತ್ತೇನೆ ಎಂದು ಲಂಚ ಕೇಳಿದ, ಕೊಡದಿದ್ದಕ್ಕೆ ಇಳಿಸಿದ ಎಂದು.

ಹಸೀ ಸುಳ್ಳು! ಬರೆಯುವಾಗ ಕೈ ಒಂದು ಕ್ಷಣ ತಡೆಯಿತು, ನಿಜ. ಆದರೆ ಬಿದ್ದ ತಗಡಿನ ಸಪ್ಪಳ ಇನ್ನೂ ಕಿವಿಯಲ್ಲಿತ್ತು. ಸಹಿ ಮಾಡಿ ಕೊಟ್ಟು ಬಂದುಬಿಟ್ಟಳು.

ಅವನದು ಕಾಯಂ ಆಗದ ನೌಕರಿ. ಮರುದಿನದಿಂದ ಬರಬೇಡ ಎಂದರು, ಮುಗಿಯಿತು.

ಪೇಂಟರ್ ದಸ್ತಗೀರಸಾಬ ಒಂದು ಎರಡಡಿ ಬೋರ್ಡು ತಂದು ಗೋಡೆಗೆ ಹೊಡೆದು ಹೋದ. ಗಿರಾಕಿಗಳೂ ತಪ್ಪಲಿಲ್ಲ. ಬಂದ ಸಂಬಂಧಗಳಿಗೆಲ್ಲ ನೀಲಗಂಗಾ "ಒಲ್ಲೆ" ಎಂದಳು. ಯಾಕೆ ಎಂದು ಕೇಳಿದರೆ ಮಿಷನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಹೀಗೇ ಎರಡು ವರ್ಷ ಕಳೆದವು.

ಒಂದು ದಿನ, ಆ ಯುಗಾದಿಯ ಸುಗ್ಗಿಯಲ್ಲಿ ಮದುವೆಯಾಗಿದ್ದ ಹುಲಕೋಟಿಯ ಟೀಚರಮ್ಮ ಬಂದರು.

"ನನ್ನ ಲಗ್ನದ ಕುಬಸ ಹೊಲದಿದ್ರೆಲ್ಲ, ಹಂಗ ಬೇಕು ನೋಡ್ರಿ. ಅದ ತೋಳು, ಅದ ಕೊಳ್ಳು."

ನೀಲಗಂಗಾ ಹಳೆಯ ಕಟ್ಟು ತೆಗೆದಳು. ಕಾಯಂ ಗಿರಾಕಿಗಳ ಅಳತೆಯನ್ನು ಕಾಗದದಲ್ಲಿ ಕತ್ತರಿಸಿ, ಹೆಸರು ಬರೆದು ಟಾಚಣಿ ಚುಚ್ಚಿ ಇಡುವುದು ಅವಳ ರೂಢಿ. ಎಲ್ಲವೂ ಹಳೆಯ ಪೇಪರಿನವು. ಇದೊಂದು ಮಾತ್ರ ದಪ್ಪ ಬಿಳಿ ಕಾಗದ. ತೋಳಿನ ತುಂಡನ್ನು ಹೊರಳಿಸಿದಳು.

ಹಿಂಬದಿಯಲ್ಲಿ ಕಚೇರಿಯ ಮೊಹರು!

ಬೆನ್ನಿನ ತುಂಡು, ಎದುರಿನ ತುಂಡು, ತೋಳು... ಒಂದೊಂದನ್ನೇ ನೆಲದ ಮೇಲೆ ಜೋಡಿಸಿದಳು. ಅಂಚಿಗೆ ಅಂಚು ಕೂಡುತ್ತ ಹೋಯಿತು. ಅಚ್ಚು ಹಾಕಿದ ನೋಟೀಸಿನ ಕೆಳಗೆ ಅವನ ಕೈಬರಹವಿತ್ತು.

'ನೀಲಗಂಗಾ ಅವರೇ, ಅರ್ಜಿ ಆಗಲಿಲ್ಲ. ಬುಧವಾರದೊಳಗೆ ನೀವೇ ಬೋರ್ಡು ಇಳಿಸಿರಿ. ಗುರುವಾರವೂ ಅದು ಗೋಡೆಯ ಮೇಲಿದ್ದರೆ ಅಂಗಡಿಗೇ ಬೀಗ ಹಾಕುತ್ತಾರೆ. ನಿಮ್ಮಿಂದ ಆಗದಿದ್ದರೆ, ಬೀಗ ತಪ್ಪಿಸಲು, ಇಳಿಸುವ ಆದೇಶಕ್ಕೆ ನಾನೇ ಸಹಿ ಹಾಕುತ್ತೇನೆ, ಸಿಟ್ಟಾಗಬೇಡಿರಿ. ಸಣ್ಣ ಬೋರ್ಡು ಬರೆಯಲು ದಸ್ತಗೀರಸಾಬರಿಗೆ ಹೇಳಿದ್ದೇನೆ. ಬರುವ ರವಿವಾರ ಅವ್ವನನ್ನು ಕರೆದುಕೊಂಡು ನಿಮ್ಮ ಮನೆಗೆ...'

ಮುಂದಿನದನ್ನು ಕುಬಸದ ಕೊರಳು ತಿಂದುಹಾಕಿತ್ತು.

"ಅವ್ವಾ! ಈ ಕಾಗದ ಎಲ್ಲಿಂದ ಬಂತ ಬೇ?"

ಓದು ಬಾರದ ಸುಮಿತ್ರವ್ವ ಹತ್ತಿರ ಬಂದು ನೋಡಿದಳು. "ಬಾಗಲಕ್ಕ ಯಾರೋ ದೊಡ್ಡ ಕಾಗದ ಹಚ್ಚಿ ಹೋಗಿದ್ರು. ಹಬ್ಬದಾಗ ಹೊಸಲಿಗೆ ಅದೇನ ಛಂದ ಅಂತ ಬಿಚ್ಚಿ ನಿನ್ನ ಪೇಪರಿನ್ಯಾಗ ಇಟ್ಟಿದ್ನಿ. ಯಾಕ ಯವ್ವಾ?"

ಅವ್ವ ಬಿಚ್ಚಿದ್ದಳು, ಸರಿ. ಆದರೆ ಕತ್ತರಿಸಿದವರು ಯಾರು? ಖಾಲಿ ಬದಿ ಮೇಲೆ ಮಾಡಿಕೊಂಡು, ಗೆರೆ ಎಳೆದು, ಅವಸರದಲ್ಲಿ ಕತ್ತರಿ ಆಡಿಸಿದ್ದು ತನ್ನದೇ ಕೈ! ನೀಲಗಂಗಾ ನೆಲದ ಮೇಲೆ ಕುಳಿತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಟೀಚರಮ್ಮ ಗಾಬರಿಯಾಗಿ ನೀರು ತಂದುಕೊಟ್ಟರು.

ಮರುದಿನ ಕಚೇರಿಗೆ ಹೋಗಿ ಇನ್ನೊಂದು ಕಾಗದ ಕೊಟ್ಟಳು. ಲಂಚದ ಮಾತು ನಾನು ಸಿಟ್ಟಿನಲ್ಲಿ ಕಟ್ಟಿದ ಸುಳ್ಳು, ಶಿವಯೋಗಿಯವರು ಒಂದು ಪೈಸೆಯನ್ನೂ ಕೇಳಿರಲಿಲ್ಲ ಎಂದು. ಓದಿದ ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ. ನೋಡಲಿ! ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಸೀದಾ ದಸ್ತಗೀರಸಾಬನಲ್ಲಿಗೆ ಹೋದಳು.

"ಶಿವಯೋಗಿ ಎಲ್ಲದಾರ್ರಿ, ಚಾಚಾ?"

ಮುದುಕ ಕುಂಚ ಕೆಳಗಿಟ್ಟ. "ಈಗ ಕೇಳ್ತೀಯೇನ ತಂಗಿ? ಮುಂಡರಗಿಯೊಳಗ ಬೋರ್ಡ ಬರದು ಬದುಕ್ತಾನ. ನಾನ ಕಲಿಸಿದ್ನಿ. ನಿನ್ನ ಹೆಸರ ಎತ್ತಬ್ಯಾಡ ಅಂತ ಆಣಿ ಹಾಕಿಸಿಕೊಂಡಾನ."

ಮುಂಡರಗಿ ಬಸ್ಸಿನಲ್ಲಿ ಕುಳಿತವಳಿಗೆ ಒಂದೇ ಹೆದರಿಕೆ. 'ಮಾರಿ ನೋಡಿದ ಕೂಡ್ಲೇ ಹೋಗು ಅಂದ್ರ?' ಹಾಗೆಂದರೂ ಅದು ಅವನ ಹಕ್ಕು ಎಂದು ತನಗೆ ತಾನೇ ಹೇಳಿಕೊಂಡಳು.

ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಅಂಗಡಿಯಲ್ಲಿ ಅವನಿದ್ದ. ಬಡವಾಗಿದ್ದ. ನೋಡಿದ, ಎದ್ದು ನಿಂತ.

"ಕುಂಡ್ರಿ," ಎಂದ. ಅಷ್ಟೇ.

ಅವಳು ಕೂರಲಿಲ್ಲ. ಮೊಹರಿನ ಕಾಗದ ಕೊಟ್ಟಳು. ಅವನು ನಿಧಾನವಾಗಿ ಓದಿದ.

"ನೌಕರಿ ತಿರುಗಿ ಬರೂದಿಲ್ರಿ," ಎಂದ. "ಅದರ ಚಿಂತಿ ನನಗಿಲ್ಲ. ಇದನ್ನ ನಮ್ಮವ್ವ ಕೇಳಬೇಕಾಗಿತ್ತು."

"ಅವರು...?"

"ಹೋದ್ಲು. ಆರು ತಿಂಗಳಾತು. ಕಡೀತನಕ ಕೇಳ್ತಿದ್ಲು, ಖರೇನ ನೀ ರೊಕ್ಕ ಕೇಳಿದ್ದಿ ಏನಪಾ ಅಂತ. ಇಲ್ಲ ಅಂತಿದ್ನಿ. ಸುಮ್ಮನಾಗತಿದ್ಲು. ಎರಡು ದಿನ ಬಿಟ್ಟು ಮತ್ತ ಕೇಳ್ತಿದ್ಲು."

ಸಡಿಲ ತೋಳಿನ ಕುಬಸದ ಆ ತಾಯಿ! ಅವಳ ಮುಖವನ್ನು ನೀಲಗಂಗಾ ಒಮ್ಮೆಯೂ ನೋಡಿರಲಿಲ್ಲ. ಇನ್ನು ನೋಡುವಂತೆಯೂ ಇಲ್ಲ.

"ಏನಂತ ಕ್ಷಮಾ ಕೇಳ್ಲಿ ನಾನು..." ಬಾಯಿಗೆ ಸೆರಗು ಒತ್ತಿಕೊಂಡಳು. "ನಿಮ್ಮ ಕಾಗದಾನ ನನ್ನ ಕೈಯಾರೆ ಕತ್ತರಿಸೇನ್ರಿ. ನೋಡಿದ್ದಿಲ್ಲ, ಖರೆ. ಆದ್ರ ದೂರು ಬರದದ್ದು ನೋಡೇ ಬರದೇನಿ."

ಅವನು ಕಾಗದವನ್ನು ಇನ್ನೊಮ್ಮೆ ಓದಿದ.

"ನನ್ನದೂ ತಪ್ಪೈತ್ರಿ," ಎಂದ ಕೊನೆಗೆ. "ಆವತ್ತ ಒಳಗ ನಿಮ್ಮ ಮಿಷನ್ ಸಪ್ಪಳ ಕೇಳಾಕತ್ತಿತ್ತು. ಅರ್ಜಿ ಆಗಲಿಲ್ಲ ಅಂತ ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಸಾಲಲಿಲ್ಲ. ಕಾಗದ ಹಚ್ಚಿ ಓಡಿ ಬಂದ್ನಿ. ಬಾಗಲಾ ಬಡೀಬೇಕಿತ್ತು. ಆಮ್ಯಾಲರೆ ಬರಬೇಕಿತ್ತು. ಸಿಟ್ಟಿನ್ಯಾಗ ಎರಡು ವರ್ಷ ಕುಂತುಬಿಟ್ನಿ."

"ಅವ್ವನ್ನ ಕರಕೊಂಡು ನಿಮ್ಮ ಮನಿಗೆ... ಅಂತ ಬರದಿದ್ರಿ. ಮುಂದ ಏನಿತ್ತು?"

"ಬರದದ್ದು ನೆನಪಿಲ್ರಿ."

ಅವಳ ತಲೆ ಬಾಗಿತು.

"ಮನಸಿನ್ಯಾಗ ಇದ್ದದ್ದು ನೆನಪೈತಿ," ಎಂದ. "ನಿಮ್ಮನ್ನ ಕೇಳಾಕ ಬರೂದಿತ್ತು, ಲಗ್ನಕ್ಕ. ನೀವು ಏನಂತಿದ್ರಿ?"

"ಹೂಂ ಅಂತಿದ್ನಿ." ಕಣ್ಣೀರು ಒರೆಸಿಕೊಳ್ಳಲೂ ಇಲ್ಲ ಅವಳು. "ಈಗ ಕೇಳಿದ್ರೂ ಅಂತೇನಿ. ಕೇಳದಿದ್ರ... ಇದ ಬಸ್ಸಿಗೆ ಹೊಳ್ಳಿ ಹೋಗ್ತೇನಿ. ನಿಮ್ಮ ಮ್ಯಾಲ ನನಗ ಯಾವ ಹಕ್ಕೂ ಉಳದಿಲ್ಲ."

ಶಿವಯೋಗಿ ಕಾಗದವನ್ನು ಮಡಿಸಿ ಅವಳ ಕೈಗೇ ವಾಪಸು ಕೊಟ್ಟ. ಅವಳು ಬಸ್‌ಸ್ಟ್ಯಾಂಡಿನತ್ತ ತಿರುಗಿದಳು. ಆಮೇಲೆ ಅವನು ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದ.

"ನಡೀರಿ, ಹೊಂಬಳಕ್ಕ ಹೋಗೂಣು. ಅವ್ವನ್ನ ನಮ್ಮ ಹೊಲದಾಗ ಮಣ್ಣ ಮಾಡೇವಿ. ಅಲ್ಲಿ ನಿಂತು ಈ ಕಾಗದ ಓದ್ರಿ, ದೊಡ್ಡ ದನೀಲೆ."

"ಅವರಿಗೆ ಕೇಳಸತೈತೇನ್ರಿ?"

"ಗೊತ್ತಿಲ್ಲ," ಎಂದ ಶಿವಯೋಗಿ. ಮೊದಲ ಸಲ ಅವಳ ಕೈ ಹಿಡಿದ. "ನನಗ ಕೇಳಸತೈತಿ, ನೀಲಾ."