ತಪ್ಪೇ ಸಿಗದ ಅಂಗಡಿ

ಮಂಗಳವಾರ ಬೆಳಗ್ಗೆ ಅಂಗಡಿಯ ಬಾಗಿಲ ಗಂಟೆ ಕಿಣಿಗುಟ್ಟಿದರೆ ಮ್ಯೂರಿಯಲ್ ಟ್ಯಾಪ್ಸೆಲ್ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಮುಖ ಕೆಂಪಾಗಿರುವುದು ಕಾಣುತ್ತದಲ್ಲ. ಹ್ಯಾಮ್ ಎಂಬ ಉಪ್ಪಿಟ್ಟ ಹಂದಿಮಾಂಸ ಕೊಯ್ಯುವ ಯಂತ್ರವನ್ನು ಒರೆಸಿದ ಮೇಲೂ ಒರೆಸುತ್ತ ಕೇಳುತ್ತಿದ್ದಳು.

"ಬನ್ನಿ ಮಿಸ್ಟರ್ ಪಾಸ್ಕ್. ಇವತ್ತು ಏನು ತಪ್ಪು ಹುಡುಕ್ತೀರಿ?"

"ಹುಡುಕೋದು ನನ್ನ ಕೆಲಸ, ಮಿಸ್ ಟ್ಯಾಪ್ಸೆಲ್. ಸಿಗದೇ ಇರೋದು ನನ್ನ ಹಣೆಬರಹ."

ಲೆನರ್ಡ್ ಪಾಸ್ಕ್ ಲಾರ್ಚ್‌ಫೀಲ್ಡ್ ಪುರಸಭೆಯ ಆರೋಗ್ಯ ಇನ್ಸ್‌ಪೆಕ್ಟರ್. ಕಡ್ಡಿಯಂಥ ಆಳು, ಮಾತು ಕಡಿಮೆ. ಟೋಪಿ ತೆಗೆದು, ಬಿಳಿ ಕೋಟು ತೊಟ್ಟು, ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು ಕಾಯುತ್ತ ನಿಲ್ಲುತ್ತಿದ್ದ. ಹಾಗೆ ನಿಂತಾಗ ಅವನ ಕಣ್ಣು ಥರ್ಮಾಮೀಟರಿನ ಮೇಲೆ ಇರುತ್ತಿರಲಿಲ್ಲ. ಚೀಸ್ ಮುಚ್ಚಿದ ಗಾಜಿನಲ್ಲಿ ಅವಳ ಕುತ್ತಿಗೆಯ ಮೇಲೆ ಬಿಚ್ಚಿಕೊಂಡ ಕೂದಲೆಳೆ ಕಾಣುತ್ತಿತ್ತು. ಅದೇ ಗಾಜಿನಲ್ಲಿ ಅವಳಿಗೂ ಅವನು ಕಾಣುತ್ತಿದ್ದ. ಇಬ್ಬರ ನೋಟ ಅಲ್ಲಿ ಕೂಡುತ್ತಲೇ ಇಬ್ಬರಿಗೂ ತುರ್ತಾದ ಕೆಲಸ ನೆನಪಾಗುತ್ತಿತ್ತು.

ಆ ಬೀದಿಯ ಬೇರೆ ಅಂಗಡಿಗಳಿಗೆ ಅವನು ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಇಲ್ಲಿಗೆ ವಾರವಾರ. ಯಾಕೆಂದು ಮ್ಯೂರಿಯಲ್‌ಗೆ ಗೊತ್ತಿತ್ತು. ತನ್ನ ಪಾಲಿನ ಬೀದಿಯಲ್ಲಿ ಒಂದು ಚೂರು ಚೀಸ್ ಕೊಳ್ಳುವುದಕ್ಕೂ ಅವನಿಗೆ ಆಫೀಸಿನ ಕಟ್ಟುಪಾಡು ಅಡ್ಡ. ಗಿರಾಕಿಯಾಗಿ ಬರುವಂತಿಲ್ಲ, ಟೀ ಕುಡಿಯುವಂತಿಲ್ಲ. ಬರಲು ಇದ್ದ ನೆಪ ಇದೊಂದೇ. ಹೆಂಗಸಿಗೆ ಹೂವು ಕೊಡುವವರಿದ್ದಾರೆ, ಈ ಪುಣ್ಯಾತ್ಮ ಅವಳ ಮೋರಿಗೆ ಟಾರ್ಚ್ ಬಿಟ್ಟು "ಬಹಳ ಚೊಕ್ಕಟವಾಗಿದೆ" ಎನ್ನುತ್ತಿದ್ದ. ಅಷ್ಟು ಕೇಳಿದರೆ ಅವಳಿಗೆ ವಾರವಿಡೀ ಸಾಕಾಗುತ್ತಿತ್ತು.

ಊರಿಗೆ ಅದು ಬೇರೆ ಥರ ಕಂಡಿತು.

ಆ ಬೇಸಿಗೆ ಹತ್ತಿರದ ಒಂದು ಮದುವೆ ಊಟದಲ್ಲಿ ಹ್ಯಾಮ್ ತಿಂದವರೆಲ್ಲ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಮ್ಯೂರಿಯಲ್ ಅಂಗಡಿಗೂ ಆ ಮದುವೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಮೂಲೆಮನೆಯ ಮಿಸೆಸ್ ಗುಡಿಂಗ್ ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದಳು.

"ಆ ಹೆಲ್ತ್‌ನವನು ಮತ್ತೆ ಬಂದಿದ್ನಂತೆ? ಏನು ತಾಯಿ, ಇಲಿ ಗಿಲಿ ಏನಾದ್ರೂ?"

"ಏನೂ ಇಲ್ಲ, ಮಿಸೆಸ್ ಗುಡಿಂಗ್. ಸುಮ್ನೆ ನೋಡಿಕೊಂಡು ಹೋಗ್ತಾರೆ."

"ಸುಮ್ನೆ ಯಾರು ಬರ್ತಾರಮ್ಮ ವಾರವಾರ? ಇವತ್ತು ಹ್ಯಾಮ್ ಬೇಡ ಬಿಡು. ಒಂದು ಬೆಂಕಿಪೊಟ್ಟಣ ಕೊಡು."

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದಿತು ಬೀದಿ. ಒಬ್ಬೊಬ್ಬರೇ ಎದುರಿನ ಸಹಕಾರಿ ಅಂಗಡಿಯ ಕಡೆ ಜಾರಿಕೊಂಡರು. ಶನಿವಾರ ಸಂಜೆ ಮಾರದೆ ಉಳಿದ ಮಾಂಸವನ್ನು ಮ್ಯೂರಿಯಲ್ ಕಸಕ್ಕೆ ಹಾಕಿದಳು. ಮುಂದಿನ ಶನಿವಾರವೂ ಹಾಕಿದಳು. ಲೆನರ್ಡ್‌ಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಅವನು ಬರುವುದೂ ಮುಗಿಯುತ್ತಿತ್ತು.

ಅವಳ ಕೀಲುನೋವಿನ ತಾಯಿ ಮಹಡಿಯ ಕುರ್ಚಿಯಲ್ಲೇ ಕುಳಿತು ಎಲ್ಲ ಲೆಕ್ಕ ಹಾಕಿದ್ದಳು.

"ಮ್ಯೂರಿಯಲ್, ನಾನು ಕುಂಟಿ ಇರಬಹುದು, ಕುರುಡಿ ಅಲ್ಲ. ಅವನಿಗೆ ನಿನ್ನ ಮೇಲೆ ಮನಸ್ಸಿದ್ರೆ ಬಾಯಿಬಿಟ್ಟು ಕೇಳಲಿ. ಇಲ್ಲ ಅಂದ್ರೆ ನಮ್ಮ ಅನ್ನಕ್ಕೆ ಕಲ್ಲು ಹಾಕೋದು ಬಿಡಲಿ."

"ಕೇಳ್ತಾರಮ್ಮ. ಸ್ವಲ್ಪ ನಾಚಿಕೆ ಸ್ವಭಾವ."

"ನಾಚಿಕೆ ಹೊಟ್ಟೆ ತುಂಬಿಸುತ್ತಾ?"

ಮುಂದಿನ ಮಂಗಳವಾರ ಅವನು ಬಂದಾಗ ಅಂಗಡಿಯಲ್ಲಿ ಮಿಸೆಸ್ ಗುಡಿಂಗ್ ಇದ್ದಳು, ಜೊತೆಗೆ ಇನ್ನಿಬ್ಬರು ಹೆಂಗಸರು. ಮ್ಯೂರಿಯಲ್ ಬಟ್ಟೆ ಕೆಳಗಿಟ್ಟು ತಲೆ ಎತ್ತಿದಳು. ಬೀದಿಗೆಲ್ಲ ಕೇಳಿಸಬೇಕೆಂದೇ ದನಿ ಏರಿಸಿದಳು.

"ಮಿಸ್ಟರ್ ಪಾಸ್ಕ್, ಇಷ್ಟು ದಿನದಲ್ಲಿ ನನ್ನ ಅಂಗಡೀಲಿ ಒಂದಾದ್ರೂ ತಪ್ಪು ಸಿಕ್ಕಿದೆಯಾ?"

ಅವನು ಟೋಪಿಯನ್ನು ಎದೆಗೆ ಹಿಡಿದುಕೊಂಡ. "ಇಲ್ಲ, ಮಿಸ್ ಟ್ಯಾಪ್ಸೆಲ್. ಒಂದೂ ಇಲ್ಲ."

"ಹಾಗಾದ್ರೆ ದಯವಿಟ್ಟು ಇನ್ನು ಬರಬೇಡಿ."

ಅಂಗಡಿಗೆ ಬರಬೇಡಿ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಬುಧವಾರ ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ, ಅಂಗಡಿಯ ಪಕ್ಕಕ್ಕಿರುವ ನಮ್ಮ ಮನೆಬಾಗಿಲನ್ನು ತಟ್ಟಿ ಗಂಡಸಿನಂತೆ ಬನ್ನಿ ಎಂದು ಅವಳ ಕಣ್ಣು ಹೇಳುತ್ತಿತ್ತು. ಅವನು ಕಣ್ಣು ನೋಡಲಿಲ್ಲ. ಕಿವಿಗೆ ಬಿದ್ದದ್ದನ್ನು ಮಾತ್ರ ತೆಗೆದುಕೊಂಡ. "ಕ್ಷಮಿಸಿ, ತೊಂದರೆ ಕೊಟ್ಟೆ," ಎಂದು ಟೋಪಿ ಹಾಕಿಕೊಂಡು ಹೊರಟೇಹೋದ.

ಅಂದೇ ಮಿಸೆಸ್ ಗುಡಿಂಗ್ ಅರ್ಧ ಪೌಂಡ್ ಹ್ಯಾಮ್ ಕೊಂಡಳು. ಉಳಿದವರೂ ನಿಧಾನವಾಗಿ ಹಿಂತಿರುಗಿದರು. ತಾಯಿಯ ಮುಖ ಅರಳಿತು. ಆ ಬೀದಿಯನ್ನು ಲೆನರ್ಡ್ ಬೇರೊಬ್ಬ ಇನ್ಸ್‌ಪೆಕ್ಟರಿಗೆ ಬಿಟ್ಟುಕೊಟ್ಟನೆಂದು ತಿಳಿಯಿತು. ಮ್ಯೂರಿಯಲ್ ಬುಧವಾರಗಳಲ್ಲಿ ನೀಲಿ ಉಡುಪು ತೊಟ್ಟು ಕಿಟಕಿಯ ಬಳಿ ಕುಳಿತಳು. ತಾನೇ ಟೌನ್ ಹಾಲಿಗೆ ಹೋಗಿ ಅವನನ್ನು ಕೇಳಬಹುದಿತ್ತು. ಹಾಳು ಬಿಗುಮಾನ ಬಿಡಲಿಲ್ಲ. ಒಂದು ವಸಂತ ಕಳೆಯಿತು, ಇನ್ನೊಂದು ಬಂತು.

ಆ ವಸಂತದಲ್ಲೇ ಕ್ಷಯ ಪತ್ತೆಯ ಎಕ್ಸ್‌ರೇ ವ್ಯಾನ್ ಈಜುಕೊಳದ ಕಟ್ಟಡದ ಮುಂದೆ ಬಂದು ನಿಂತಿತು. ಎಲ್ಲರೂ ಎದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಧ್ವನಿವರ್ಧಕ ಬೀದಿಬೀದಿ ಕೂಗಿತ್ತು. ಬುಧವಾರ ಮಧ್ಯಾಹ್ನ ಮ್ಯೂರಿಯಲ್ ಹೆಂಗಸರ ಸಾಲಿನಲ್ಲಿ ನಿಂತಿದ್ದಾಗ, ಸಾಲು ಸರಿಪಡಿಸುತ್ತ ಬಂದವನು ಲೆನರ್ಡ್ ಪಾಸ್ಕ್. ಕಿವಿಯ ಬಳಿ ಕೂದಲು ನರೆತಿತ್ತು.

"ಮಿಸ್ ಟ್ಯಾಪ್ಸೆಲ್. ಅಂಗಡಿ ಹೇಗೆ ನಡೀತಿದೆ?"

"ನೀವು ಬರೋದು ಬಿಟ್ಟ ಮೇಲೆ ಚೆನ್ನಾಗಿ ನಡೀತಿದೆ."

ಅವನ ಮುಖ ಕುಗ್ಗಿದ್ದನ್ನು ನೋಡಿ ಅವಳು ನಕ್ಕಳು. ಈ ಸಲ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು: ಇಲಿಯ ಗುಸುಗುಸು, ಕಸಕ್ಕೆ ಹೋದ ಮಾಂಸ, ತಾಯಿಯ ಮಾತು. ಅವನು ಕೇಳುತ್ತ ಕೇಳುತ್ತ ಬಿಳಿಚಿಕೊಂಡ.

"ನನ್ನಿಂದಾನಾ? ದೇವರೇ. ನನಗೆ ಹೊಳೀಲೇ ಇಲ್ಲ. ನಿಮಗೆ ನನ್ನ ಮುಖ ನೋಡೋಕೂ ಬೇಡವಾಯ್ತು ಅಂದ್ಕೊಂಡೆ."

"ಬೇಡ ಅನ್ನೋರು ಅಷ್ಟು ದಿನ ಸುಮ್ಮನಿರ್ತಾರಾ?"

ಅವನು ಸಾಲಿನ ಕಡೆಗೊಮ್ಮೆ, ತನ್ನ ಬೂಟಿನ ಕಡೆಗೊಮ್ಮೆ ನೋಡಿದ. "ನನ್ನ ಮದುವೆ ಗೊತ್ತಾಗಿದೆ, ಮಿಸ್ ಟ್ಯಾಪ್ಸೆಲ್. ಶಿಶು ಚಿಕಿತ್ಸಾಲಯದಲ್ಲಿ ಕೂಸುಗಳ ತೂಕ ನೋಡೋ ಬ್ರೆಂಡಾ ಜೊತೆ. ಕಳೆದ ಭಾನುವಾರ ಚರ್ಚಿನಲ್ಲಿ ಮದುವೆ ಪ್ರಕಟಣೆಗೆ ನಮ್ಮಿಬ್ಬರ ಹೆಸರು ಓದಿದ್ರು. ಒಳ್ಳೆಯವಳು, ನನ್ನನ್ನ ತುಂಬ ನಂಬಿದಾಳೆ."

"ಸಂತೋಷ," ಎಂದಳು ಮ್ಯೂರಿಯಲ್. ದನಿ ನಡುಗಲಿಲ್ಲ.

"ಒಂದು ಮಾತು ಹೇಳ್ಬಿಡಿ. ಆವಾಗ ನಾನು ಬಾಯಿಬಿಟ್ಟು ಕೇಳಿದ್ರೆ, ಒಪ್ತಿದ್ರಾ?"

ಅವನ ಕಣ್ಣಿನಲ್ಲಿ ಆಸೆಯಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು. ಹೌದು ಎಂದರೆ ಈ ಮನುಷ್ಯ ಆ ಹುಡುಗಿಯ ಕೈ ಬಿಡಲಾರ, ಹಿಡಿದ ಕೈಯಲ್ಲಿ ಸುಖವಾಗಿಯೂ ಇರಲಾರ. ಅಷ್ಟನ್ನು ಅವಳು ಬಲ್ಲಳು. ಅವನನ್ನು ಪ್ರೀತಿಸಿದ್ದಕ್ಕೆ ಅವಳಿಗೆ ದಕ್ಕಿದ್ದು ಈ ತಿಳಿವಳಿಕೆ ಒಂದೇ.

"ಇಲ್ಲ, ಮಿಸ್ಟರ್ ಪಾಸ್ಕ್," ಎಂದಳು. "ಒಪ್ತಿರ್ಲಿಲ್ಲ. ನೀವು ಬರೋದು ಇಷ್ಟವಾಗ್ತಿತ್ತು, ಅಷ್ಟೇ."

ಅವನು ಉದ್ದಕ್ಕೆ ಉಸಿರು ಬಿಟ್ಟ. ಹೆಗಲು ಹಗುರಾದದ್ದು ಅವಳಿಗೆ ಕಾಣಿಸಿತು. "ಹೇಳಿದ್ದು ಒಳ್ಳೇದಾಯ್ತು," ಎಂದು ಟೋಪಿ ಮುಟ್ಟಿ ಗಂಡಸರ ಸಾಲಿನ ಕಡೆ ನಡೆದ.

ಅವಳ ಸರದಿ ಬಂತು. ವ್ಯಾನಿನೊಳಗೆ ತಣ್ಣನೆಯ ಫಲಕಕ್ಕೆ ಎದೆ ಒತ್ತಿ ನಿಂತಳು. ಪರದೆಯಾಚೆಯಿಂದ ಹುಡುಗಿಯೊಬ್ಬಳು, "ಉಸಿರು ಎಳ್ಕೊಳ್ಳಿ, ಹಾಗೇ ಹಿಡಿದಿರಿ," ಎಂದಳು. ಮ್ಯೂರಿಯಲ್ ಹಿಡಿಯಲು ನೋಡಿದಳು.

"ಅಲುಗಾಡಿದ್ರಿ ಮೇಡಂ. ಚಿತ್ರ ಸರಿಯಾಗಿ ಬರಲ್ಲ, ಇನ್ನೊಂದು ಸಲ ತೆಗೀಬೇಕು."

"ಸ್ವಲ್ಪ ತಾಳಮ್ಮ," ಎಂದಳು ಮ್ಯೂರಿಯಲ್, ಫಲಕಕ್ಕೆ ಹಣೆ ಹಚ್ಚಿ. "ಈಗ ಆಗಲ್ಲ. ಒಂದೇ ಒಂದು ನಿಮಿಷ ತಾಳು."